ಮುದಿ ಕುದುರೆಯೂ ಖಾಲಿ ಹಾಲಿನ ಬಕೆಟ್ಟೂ

ಕುದುರೆ ಕಂಡರೆ ಕಾಲುನೋವು ಅನ್ನುತ್ತದೆ ಗಾದೆ. ಅದನ್ನು ಕಟ್ಟಿದ ಪುಣ್ಯಾತ್ಮ ಜುಲೈ ತಿಂಗಳ ಚಳಿಗಾಲದಲ್ಲಿ ಆಫ್ರಿಕಾದ ನಮ್ಮ ಲೆಸೋಥೋ ಬೆಟ್ಟ ಹತ್ತಿದವನಲ್ಲ. ಹಿಮ ಬೀಳುವ ಈ ಊರಿನಲ್ಲಿ ಗಾದೆ ಬೇರೆ: ಕುದುರೆಗೇ ಕಾಲುನೋವು ಬಂದರೆ ಕಂಡವರಿಗೆ ಎದೆನೋವು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುವವರು ಬೇಕಾದರೆ ಈಗಲೇ ಎದ್ದು ಹೋಗಲಿ. ಮುಂದೆ ಹೇಳುವುದು ನಡೆದದ್ದು. ಆ ಖಾಲಿ ಬಕೆಟ್ಟನ್ನು ಕಣ್ಣಾರೆ ಕಂಡವರು ಊರು ತುಂಬ ಇದ್ದಾರೆ, ಕಾಣದವರು ಇನ್ನೂ ವಿವರವಾಗಿ ಹೇಳುತ್ತಾರೆ.

ಕಾಲುನೋವು ಇದ್ದದ್ದು ಲೆರೋಲೆಗೆ. ಲೆರೋಲೆ ಅಂದರೆ ಧೂಳು. ಹರೆಯದಲ್ಲಿ ಪಂದ್ಯದ ಕುದುರೆಗಳಿಗೆಲ್ಲ ಆ ಪುಟ್ಟ ಬೂದು ಕುದುರೆ ತಿನ್ನಿಸಿದ್ದು ಅದನ್ನೇ. ಈಗ ಇಪ್ಪತ್ತೆಂಟು ವರ್ಷ. ಬೆಳಗಿನ ಚಳಿಗೆ ಮುಂಗಾಲಿನ ಮಂಡಿಗಳು ತುಕ್ಕು ಹಿಡಿದ ಬೀಗದಂತೆ ಬಿಗಿದುಹೋಗುತ್ತಿದ್ದವು. ಎಬ್ಬಿಸಲು ಮೂವರು ಗಂಡಸರು ಬೇಕು: ಇಬ್ಬರು ಹೆಗಲು ಕೊಡಲಿಕ್ಕೆ, ಒಬ್ಬ ಸಲಹೆ ಕೊಡಲಿಕ್ಕೆ. ನಮ್ಮೂರಿನಲ್ಲಿ ಸಲಹೆ ಕೊಡುವವನಿಗೇ ಮೊದಲು ಸುಸ್ತಾಗುವುದು.

ಕುದುರೆಯ ಯಜಮಾನ ಮುದುಕ ತ್ಲಾಲಿ ಜೂನ್ ತಿಂಗಳಲ್ಲೇ ಹೇಳಿಬಿಟ್ಟಿದ್ದ.

"ಆಗಸ್ಟ್ ಒಂದಕ್ಕೆ ಮಾಂಸದವನ ಲಾರಿ ಬರುತ್ತೆ. ಅಷ್ಟರೊಳಗೆ ಯಾರೂ ಮುಟ್ಟದೆ ತಾನಾಗಿ ಎದ್ರೆ ಇರ್ಲಿ. ಇಲ್ದಿದ್ರೆ ಹೋಗ್ಲಿ. ನನ್ನ ಹೆಂಡ್ತೀನ ಕೊನೇ ಸಲ ಆಸ್ಪತ್ರೆಗೆ ಹೊತ್ಕೊಂಡು ಹೋಗಿದ್ದು ಆ ಬೆನ್ನೇ. ದಿನಾ ಬೆಳಿಗ್ಗೆ ಅದು ನರಳೋದನ್ನ ಕೇಳ್ಕೊಂಡು ಚಾ ಕುಡಿಯೋದಕ್ಕೆ ಪ್ರೀತಿ ಅಂತ ಹೆಸರಿಡಬೇಡಿ."

 ಈ ಮಾತಿಗೆ ಉತ್ತರ ಇದ್ದದ್ದು ಮಗ ಸೆಚಾಬಾನ ಹತ್ತಿರ ಮಾತ್ರ. ಅವನು ಜಾನುವಾರು ಕಚೇರಿಗೆ ಫೋನ್ ಮಾಡಿದ. ಅಲ್ಲಿಂದ ಬಂದವಳು ಕೆನೆವೆ.

ಹೆಸರಿನಲ್ಲಿ ಕೆನೆ, ನಾಲಿಗೆಯಲ್ಲಿ ಮೂರು ದಿನದ ಹುಳಿಮಜ್ಜಿಗೆ. ಅವಳನ್ನು ಕಂಡರೆ ಮೂರು ಕಣಿವೆಯ ಕುರಿ, ಹಸು, ಕುದುರೆಗಳು ಹತ್ತಿರ ಬರುತ್ತಿದ್ದವು. ಅವುಗಳ ಮಾಲೀಕರು ದೂರ ಹೋಗುತ್ತಿದ್ದರು.

*

ಅವಳು ಬೆಟ್ಟ ಹತ್ತಿ ಬಂದಾಗ ತ್ಲಾಲಿಯ ದನದ ದೊಡ್ಡಿಯೊಳಗಿಂದ ರೇಡಿಯೋ ಕೇಳಿಸಿತು.

"ಗೆಳೆಯಾ, ಈ ಸುಂದರ ಮುಂಜಾನೆ ನಿಮ್ಮ ಮನಸ್ಸಿನ ಹವಾಮಾನ ಹೇಗಿದೆ?"

ಕಲ್ಲುಗೋಡೆಯ ಮೇಲಿಂದ ಇಣುಕಿದಳು. ರೇಡಿಯೋ ಇರಲಿಲ್ಲ. ಗಾಳಿ ತುಂಬಿದಂಥ ಹಳದಿ ಜಾಕೆಟ್ಟಿನೊಳಗೆ ಉದ್ದನೆಯ ಮನುಷ್ಯನೊಬ್ಬ ಕುದುರೆಯ ಮುಂದೆ ಮಂಡಿಯೂರಿ ಆ ಜೇನುತುಪ್ಪದ ಧ್ವನಿಯಲ್ಲಿ ಮಾತಾಡುತ್ತಿದ್ದ. ಕುದುರೆಯ ನಾಲ್ಕು ಕಾಲಿಗೂ ಫುಟ್‌ಬಾಲ್ ಸಾಕ್ಸ್. ಬೆನ್ನಿಗೆ ನೀಲಿ ಪ್ಲಾಸ್ಟಿಕ್ ಟಾರ್ಪಾಲು. ಒಂದಿಂಚೂ ಅಲುಗಾಡದಂತೆ ಕಂಬಕ್ಕೆ ಬಿಗಿದಿದ್ದ. ಆಟಗಾರರು ತೊಡೆಗೆ ತಿಕ್ಕಿಕೊಳ್ಳುವ ಮುಲಾಮಿನ ಘಾಟು ಗೋಡೆ ದಾಟಿ ಬರುತ್ತಿತ್ತು.

ಲೆರೋಲೆ ಕಣ್ಣು ಅರೆಮುಚ್ಚಿ ಅವನನ್ನೇ ನೋಡುತ್ತಿತ್ತು. ಅಂಥ ತಿರಸ್ಕಾರವನ್ನು ಕೆನೆವೆ ಈ ಮೊದಲು ಒಂದೇ ಕಡೆ ಕಂಡಿದ್ದಳು, ತನ್ನ ಮನೆಯ ಕನ್ನಡಿಯಲ್ಲಿ.

"ಕುದುರೆಗೆ ಏನಾಗಿದೆ ಅಂತ ಗೊತ್ತಾಯ್ತು," ಅಂದಳು. "ನಿಮಗೇನಾಗಿದೆ, ಅಬೂತಿ?"

ನಮ್ಮಲ್ಲಿ ವಯಸ್ಸಿಗೆ ಬಂದ ಗಂಡಸನ್ನು ಮರ್ಯಾದೆಯಿಂದ ಅಬೂತಿ ಅನ್ನುತ್ತಾರೆ, ಹೆಂಗಸನ್ನು ಔಸಿ. ಅವಳು ಆ ಮರ್ಯಾದೆಯನ್ನು ಕಲ್ಲಿನ ಹಾಗೆ ಎಸೆದಳು.

ಅವನು ಎದ್ದು ನಿಂತ. ಮೀಸೆಯ ತುದಿಯಲ್ಲಿ ಹಿಮದ ಹನಿ. "ಓ, ಔಸಿ ಕೆನೆವೆ! ಅಲ್ಲೇ ಯಾಕೆ ನಿಂತ್ರಿ, ಗಾಳಿ ಇದೆ. ಒಳಗೆ ಬನ್ನಿ."

ಒಳಗೆ ಬನ್ನಿ! ದನದ ದೊಡ್ಡಿಯೊಳಗೆ ಹೆಂಗಸು! ಹೆಂಗಸು ದೊಡ್ಡಿಗೆ ಕಾಲಿಡಬಾರದು ಅನ್ನುವುದು ಮೂರು ವರ್ಷದ ಮಗುವಿಗೂ ಗೊತ್ತಿರುವ ನಿಯಮ. ಕೆನೆವೆಗೆ ಆ ನಿಯಮದ ಮೇಲೂ ತಿರಸ್ಕಾರವೇ ಇತ್ತು. ಅವಳ ಸರ್ಟಿಫಿಕೇಟನ್ನು ಓದಬಲ್ಲ ಗಂಡಸು ಈ ಊರಿನಲ್ಲಿ ಇಬ್ಬರಿಲ್ಲ. ಆದರೂ ಸೂಜಿ ಹಿಡಿದು ಗೋಡೆಯಾಚೆ ನಿಲ್ಲಬೇಕಾದವಳು ಅವಳು, ಮೂಗಿನಲ್ಲಿ ಬೆರಳಿಟ್ಟುಕೊಂಡು ಒಳಗೆ ಹೋಗಬಹುದಾದವರು ಅವರು. ನಿಯಮವನ್ನು ಅವಳು ಬೈದುಕೊಂಡೇ ಪಾಲಿಸುತ್ತಿದ್ದಳು. ಇವನಿಗೆ ಅಂಥದ್ದೊಂದು ಇದೆ ಅನ್ನುವುದೇ ಗೊತ್ತಿಲ್ಲ.

ರಾಜಧಾನಿ ಮಾಸೆರುವಿನ ರೇಡಿಯೋದಲ್ಲಿ ಎಂಟು ವರ್ಷ ಮಾತಾಡಿ, ರೇಡಿಯೋ ಮುಚ್ಚಿದ ಮೇಲೆ ಊರಿಗೆ ಬಂದ ಸೆಚಾಬಾ ಇವನೇ. ತಲೆಯಲ್ಲಿ ಇದ್ದ ಊರು ಪೂರ್ತಿ ಆವಿಯಾಗಿದೆ ಎಂದು ಕೆನೆವೆ ಆ ಕ್ಷಣವೇ ತೀರ್ಮಾನಿಸಿದಳು. ಹೆಗಲ ಮೇಲೆ ಕಂಬಳಿ ಕೂಡ ಇಲ್ಲ. ನಮ್ಮ ಬಸೋಥೋ ಜನರಲ್ಲಿ ಕಂಬಳಿ ಇಲ್ಲದ ಗಂಡಸು ಅಂದರೆ ಸಿಪ್ಪೆ ಮಾತ್ರ ಇರುವ ಬಾಳೆಹಣ್ಣು.

"ನಾನು ಇಲ್ಲೇ ಇರ್ತೀನಿ. ನೀವು ನನ್ನ ಕೈ," ಅಂದಳು. "ಹೇಳಿದಷ್ಟು ಮಾಡಿ. ಯೋಚನೆ ಮಾಡ್ಬೇಡಿ, ನಿಮಗೆ ಒಗ್ಗಲ್ಲ. ಮೊದಲು ಹಗ್ಗ ಬಿಚ್ಚಿ."

"ಅಲುಗಾಡಿದ್ರೆ ನೋವಾಗುತ್ತೆ ಅಂತ—"

"ಅಲುಗಾಡ್ದೇ ಇರೋದಕ್ಕೇ ನೋವು. ನಿಮ್ಮನ್ನ ರಾತ್ರಿಯೆಲ್ಲ ಕಂಬಕ್ಕೆ ಕಟ್ಟಿ ಬೆಳಿಗ್ಗೆ ಕುಣಿ ಅಂದ್ರೆ ಕುಣೀತೀರಾ? ಸಂಧಿವಾತದ ಕುದುರೆ ನಡೀಬೇಕು. ದಿನಕ್ಕೆ ಮೂರು ಸಲ, ನಿಧಾನಕ್ಕೆ. ಹೆಪ್ಪುಗಟ್ಟಿದ ದಾರಿ ಮೇಲಲ್ಲ, ಹುಲ್ಲಿನ ಮೇಲೆ. ಆ ಪ್ಲಾಸ್ಟಿಕ್ ತೆಗೀರಿ. ಅದರಡೀಲಿ ಬೆವರಿ, ಬೆವರು ತಣ್ಣಗಾಗಿ, ಪಾಪ ಎರಡು ಸಲ ಸಾಯುತ್ತೆ. ಉಣ್ಣೆ ಕಂಬಳಿ ಇದೆಯಾ ಮನೇಲಿ?"

ಅವನು ಒಂದು ಕ್ಷಣ ಗುಡಿಸಲಿನ ಕಡೆ ನೋಡಿದ. "ಇದೆ."

"ಒಣಗಿರಬೇಕು. ಹಿಮಕ್ಕೆ ಒದ್ದೆಯಾದ್ರೆ ತೆಗೆದು ಒಣಗಿಸಿ ಮತ್ತೆ ಹಾಕ್ಬೇಕು. ಒದ್ದೆ ಕಂಬಳಿಗಿಂತ ಬರೀ ಬೆನ್ನು ವಾಸಿ. ಗೊರಸು ಎತ್ತಿ ತೋರ್ಸಿ. ಹ್ಞಂ! ಇದೇನು ಗೊರಸಾ, ದೋಣಿಯಾ? ಇಷ್ಟುದ್ದ ಬಿಟ್ರೆ ಭಾರ ಎಲ್ಲಾ ಮಂಡಿಗೆ. ನಾಳೆ ಕತ್ತರಿಸೋಣ. ಮೊಣಕಾಲುದ್ದ ಒಣಹುಲ್ಲು ಹಾಸಿ, ಗಾಳಿ ಬಾರದ ಈ ಮೂಲೆಗೆ. ಕುಡಿಯೋಕೆ ಉಗುರುಬೆಚ್ಚಗಿನ ನೀರು. ಮಂಜುಗಡ್ಡೆ ಒಡೆದು ಮುಂದಿಟ್ರೆ ಅದು ಕುಡಿಯಲ್ಲ, ಹೊಟ್ಟೆ ಕಟ್ಟುತ್ತೆ. ಈ ನೋವಿನ ಪುಡಿ ದಿನಕ್ಕೆ ಒಂದೇ ಪೊಟ್ಟಣ, ನೆನೆಸಿದ ಬೂಸಾದಲ್ಲಿ. ಜಿಲ್ಲೆಯ ಡಾಕ್ಟರು ಅದರ ತೂಕ ಕೇಳಿ ಬರೆದಿದ್ದು. ಪ್ರೀತಿ ಜಾಸ್ತಿಯಾಗಿ ಎರಡು ಹಾಕಿದ್ರೆ ಹೊಟ್ಟೆ ಹುಣ್ಣಾಗುತ್ತೆ."

"ಸಾಕ್ಸ್?"

"ಅದನ್ನ ನೀವೇ ಹಾಕ್ಕೊಳ್ಳಿ. ಜಾಕೆಟ್ಟಿಗೆ ಮ್ಯಾಚ್ ಆಗುತ್ತೆ."

ಲೆರೋಲೆ ಮೂಗಿನಿಂದ ಜೋರಾಗಿ ಗಾಳಿ ಬಿಟ್ಟಿತು. ಯಾರ ಪರವಾಗಿ ಎಂದು ತಿಳಿಯಲಿಲ್ಲ.

*

ವಾರಕ್ಕೆ ಮೂರು ದಿನ ಬರತೊಡಗಿದಳು. ಎರಡು ದಿನ ಸಾಕಿತ್ತು. ಮೂರನೆಯದು ಅವನ ತಪ್ಪು ಹಿಡಿಯಲಿಕ್ಕೆ.

ಗೋಡೆಯ ಈಚೆ ಅವಳು, ಆಚೆ ಅವನು. ನಡುವೆ ಎದೆಮಟ್ಟದ ಕಲ್ಲು, ಅದರ ಮೇಲೆ ಅವಳ ಮೊಣಕೈ.

"ಬಿಸಿನೀರಿನ ಬಟ್ಟೆ ಮಂಡಿ ಮೇಲಿಡಿ. ಇನ್ನೂ ಮೇಲೆ. ಅಲ್ಲಲ್ಲ, ಬೆರಳಲ್ಲಿ ಚುಚ್ಚಬೇಡಿ, ಅದು ರೇಡಿಯೋ ಬಟನ್ ಅಲ್ಲ. ಅಂಗೈ ಪೂರ್ತಿ ಇಡಿ. ಹಾಗೇ. ನಿಧಾನಕ್ಕೆ ಸುತ್ತ."

ಅವನ ದೊಡ್ಡ ಅಂಗೈ ಬೂದು ಕೂದಲಿನ ಮೇಲೆ ನಿಧಾನವಾಗಿ ಸುತ್ತುತ್ತಿತ್ತು. ಅದು ಅವಳ ಮಾತಿಗೆ ತಕ್ಕಂತೆ ನಿಲ್ಲುತ್ತಿತ್ತು, ತಿರುಗುತ್ತಿತ್ತು. ಕೆನೆವೆಯ ಅಂಗೈ ಕೈಗವಸಿನೊಳಗೆ ಕಾರಣವಿಲ್ಲದೆ ಬೆಚ್ಚಗಾಯಿತು. ಅವಳು ಅದನ್ನು ಚಳಿಗಾಲದ ಕೈಗವಸಿನ ಗುಣಮಟ್ಟಕ್ಕೆ ಸೇರಿಸಿದಳು.

"ಇಷ್ಟು ಸಾಕಾ ಔಸಿ?" ಅವನು ತಲೆಯೆತ್ತದೆ ಕಣ್ಣು ಮಾತ್ರ ಎತ್ತಿದ.

"ಕುದುರೇನ ಕೇಳಿ. ನನ್ನ ಮುಖದಲ್ಲಿ ಮಂಡಿ ಇಲ್ಲ."

"ಮುಖದಲ್ಲಿ ಏನೇನಿದೆ ಅಂತ ನೋಡ್ತಿದ್ದೆ ಅಷ್ಟೆ."

"ನೋಡಿ ಮುಗೀತಾ? ಬಟ್ಟೆ ತಣ್ಣಗಾಯ್ತು."

ನೋಡಿ ಮುಗಿದಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಹೇಗೆ ಗೊತ್ತಿತ್ತೆಂದರೆ, ಅವಳೂ ನೋಡುತ್ತಿದ್ದಳಲ್ಲ.

ಇಳಿಯುವ ದಾರಿಯಲ್ಲಿ ಗೆಳತಿ ಲಿಂಪೋಳ ಅಂಗಡಿ. ಲಿಂಪೋ ಎಣ್ಣೆಯಲ್ಲಿ ಹಿಟ್ಟಿನ ಉಂಡೆ ಕರಿದು ಮಾರುವವಳು, ಅದಕ್ಕಿಂತ ಬಿಸಿಯಾಗಿ ಸುದ್ದಿ ಹಂಚುವವಳು. ಅವಳ ಬಾಣಲೆಯ ಮುಂದೆ ಕೆನೆವೆ ಪ್ರತಿಸಲ ಸೆಚಾಬಾನ ಅಣಕ ಮಾಡುತ್ತಿದ್ದಳು. ಗಂಟಲು ದಪ್ಪ ಮಾಡಿ, ಕೈಯನ್ನು ಮೈಕಿನ ಹಾಗೆ ಹಿಡಿದು: "ಗೆಳತಿಯರೇ, ನಮ್ಮ ಕುದುರೆಗೆ ಸ್ನೇಹದ ಮುಲಾಮು ಹಚ್ಚೋಣ ಬನ್ನಿ!" ಹೆಂಗಸರು ನಕ್ಕು ನಕ್ಕು ಉಂಡೆ ಗಂಟಲಿಗೆ ಸಿಕ್ಕಿಸಿಕೊಳ್ಳುತ್ತಿದ್ದರು.

"ಅಲ್ಲೇ ಕೆನೆವೆ," ಅಂದಳು ಒಂದು ದಿನ ಲಿಂಪೋ, "ಹೋದ ವಾರ ಅವನು ಎಡಗೈಲಿ ಕಿವಿ ತುರಿಸ್ಕೊಳ್ಳೋದು ನಿನ್ನ ಅಣಕದಲ್ಲಿ ಇರ್ಲಿಲ್ಲ. ಈ ವಾರ ಸೇರಿದೆ. ಚೆನ್ನಾಗಿ ಓದ್ತಿದೀಯ ಪಾಠ."

"ಹ್ಞಂ. ಶತ್ರೂನ ಓದ್ಬೇಕು."

"ಓದು, ಓದು. ಪರೀಕ್ಷೆ ಯಾವಾಗ?"

ಆ ಪರೀಕ್ಷೆ ಒಂದು ಮಧ್ಯಾಹ್ನ ಹೇಳದೆ ಬಂತು. ಅವಳು ಮೇಲೆ ಬಂದಾಗ ದೊಡ್ಡಿಯ ಗೋಡೆಯ ಮೇಲೆ ಬಿಸಿಲಿಗೆ ಕಂಬಳಿಯೊಂದು ಒಣಗುತ್ತಿತ್ತು. ಕಡುನೀಲಿ, ನಡುವೆ ಜೋಳದ ತೆನೆಯ ಚಿತ್ತಾರ, ಅಂಚಿಗೆ ಗೆರೆ. ಅಂಥ ಕಂಬಳಿಯನ್ನು ತಂದೆ ಮಗನಿಗೆ ಬದುಕಿನಲ್ಲಿ ಒಂದೇ ಸಲ ಕೊಡುತ್ತಾನೆ. ಅದರ ತುಂಬ ಬೂದು ಕೂದಲು ಅಂಟಿಕೊಂಡಿತ್ತು.

"ಇದು ಯಾರದ್ದು ನ್ತಾತೆ?" ಎಂದು ಬಿಸಿಲಿಗೆ ಕೂತಿದ್ದ ತ್ಲಾಲಿಯನ್ನು ಕೇಳಿದಳು. ತಂದೆಯ ವಯಸ್ಸಿನವರನ್ನು ಕರೆಯುವುದು ಹಾಗೆ.

"ನನ್ನ ಮಗನದ್ದು. ಕುದುರೆಗೆ ಹೊದಿಸ್ತಾನೆ. ದಿನಕ್ಕೆ ಎರಡು ಸಲ ತೆಗೀತಾನೆ, ಒಣಗಿಸ್ತಾನೆ, ಮತ್ತೆ ಹಾಕ್ತಾನೆ. ತಾನು ಆ ಹಳದಿ ಬಲೂನಿನೊಳಗೆ ಹಲ್ಲು ಕಟಕಟ ಅಂತ ನಡುಗ್ತಾನೆ. ಮೂರ್ಖ."

"ಮೂರ್ಖ," ಅಂದಳು ಕೆನೆವೆ.

ಬೆಟ್ಟ ಇಳಿಯುವಾಗ ಇನ್ನೊಂದು ಸಲ ಅಂದು ನೋಡಿದಳು. "ಮೂರ್ಖ." ಈ ಸಲ ಆ ಪದ ಬಾಯಿಯೊಳಗೆ ಬೆಲ್ಲದ ಹಾಗೆ ಕರಗಿತು. ಕೆನೆವೆಗೆ ತನ್ನ ಮೇಲೇ ಅಸಹ್ಯವಾಯಿತು.

*

ಜುಲೈ ಮುಗಿಯುತ್ತಾ ಬಂತು. ಗೊರಸು ಸರಿಯಾಗಿತ್ತು. ಮಂಡಿಯ ಊತ ಇಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಲೆರೋಲೆ ಹುಲ್ಲಿನ ಮೇಲೆ ಹಳೆಯ ಪಾಳೆಯಗಾರನ ಗತ್ತಿನಲ್ಲಿ ಓಡಾಡುತ್ತಿತ್ತು. ಆದರೆ ಬೆಳಿಗ್ಗೆ? ಬೆಳಿಗ್ಗೆ ಮಾತ್ರ ಹುಲ್ಲಿನ ಹಾಸಿಗೆಯಲ್ಲಿ ಬಿದ್ದುಕೊಂಡು, ಮೂವರು ಗಂಡಸರು ಬಂದು ಎಬ್ಬಿಸುವ ತನಕ ಮಿಸುಕುತ್ತಿರಲಿಲ್ಲ.

"ಏಳೋ ಶಕ್ತಿ ಬಂದಿದೆ," ಅಂದಳು ಕೆನೆವೆ. "ಏಳೋ ಮನಸ್ಸು ಬಂದಿಲ್ಲ."

"ಮನಸ್ಸಿಗೆ ಯಾವ ಪುಡಿ ಔಸಿ?"

ಅವಳ ಹತ್ತಿರ ಇರಲಿಲ್ಲ. ಗೊತ್ತಿಲ್ಲ ಅನ್ನುವುದು ಅವಳಿಗೆ ಬಾರದ ಭಾಷೆ. ಹಾಗಾಗಿ "ಹ್ಞಂ" ಅಂದು ಟೋಪಿ ಎಳೆದುಕೊಂಡು ಹೊರಟಳು.

ಕೆಳಗೆ ನಲ್ಲಿಯ ಹತ್ತಿರ ನೀರಿಗೆ ಬಂದಿದ್ದವರ ಗುಂಪು ಕೇಕೆ ಹಾಕುತ್ತಿತ್ತು. ಅಡ್ಡದಾರಿಯಿಂದ ಓಡಿ ಅವಳಿಗಿಂತ ಮೊದಲು ತಲುಪಿದ್ದ ಸೆಚಾಬಾ ನಡುವೆ ನಿಂತಿದ್ದ. ಸೊಂಟಕ್ಕೆ ಕೈ. ಮೂಗಿನಿಂದ "ಹ್ಞಂ". ಆಮೇಲೆ ಇಲ್ಲದ ಟೋಪಿಯನ್ನು ಎಡಗಣ್ಣಿನ ಮೇಲಕ್ಕೆ ಎಳೆದುಕೊಂಡು, ಚೂಪಾದ ಹೆಣ್ಣುಧ್ವನಿಯಲ್ಲಿ: "ಇದೇನು ಗಂಡಸಾ, ದೋಣಿಯಾ? ಯೋಚನೆ ಮಾಡ್ಬೇಡಿ, ನಿಮಗೆ ಒಗ್ಗಲ್ಲ!"

ಲಿಂಪೋ ಬಕೆಟ್ಟಿನ ಮೇಲೆ ಬಿದ್ದು ಹೊರಳುತ್ತಿದ್ದಳು. ಕೆನೆವೆಯನ್ನು ಕಂಡದ್ದೇ ಗುಂಪು ನಲ್ಲಿಯ ಕಡೆ ತಿರುಗಿ ಬಕೆಟ್ಟು ತುಂಬತೊಡಗಿತು. ಸೆಚಾಬಾ ತಿರುಗಿದ. ಇಲ್ಲದ ಟೋಪಿ ಇನ್ನೂ ಎಡಗಣ್ಣಿನ ಮೇಲೇ ಇತ್ತು.

ಟೋಪಿಯನ್ನು ಎಡಕ್ಕೆ ಎಳೆದುಕೊಳ್ಳುವುದು ತನ್ನ ಅಭ್ಯಾಸ ಎಂದು ಕೆನೆವೆಗೇ ಗೊತ್ತಿರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಅಣಕಿಸಬೇಕಾದರೆ ಮೊದಲು ನೋಡಬೇಕು. ಇಷ್ಟು ಚೆನ್ನಾಗಿ ಅಣಕಿಸಬೇಕಾದರೆ ಎಷ್ಟು ನೋಡಿರಬೇಕು? ಕಿವಿ ಬಿಸಿಯಾಯಿತು. ಅದು ಸಿಟ್ಟು ಎಂದು ಅವಳು ಒತ್ತಾಯದಿಂದ ನಂಬಿದಳು. ಸಿಟ್ಟಿಗೆ ಸೇಡು ಬೇಕು.

ಸೇಡು ಹಳೆಯ ಪೆಟ್ಟಿಗೆಯಲ್ಲಿ ಸಿದ್ಧವಾಗಿಯೇ ಇತ್ತು.

ನಮ್ಮ ಅಜ್ಜಂದಿರ ಕಾಲದ ಗಂಡುಮಕ್ಕಳಿಗೆ ಹುಲಿಯಂಥ ಎದೆ, ಇಲಿಯಂಥ ಬಾಯಿ. ನನಗೆ ಮದುವೆ ಮಾಡು ಅಂತ ಅಪ್ಪನ ಮುಂದೆ ಹೇಳಲಾರರು. ಅದಕ್ಕೇ ಒಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಹಾಲು ಕರೆಯದೆ ದೊಡ್ಡಿಯ ಬಾಗಿಲು ತೆಗೆದು, ಕರುಗಳ ಬಾಗಿಲನ್ನೂ ತೆಗೆದು ಎಲ್ಲವನ್ನೂ ಒಟ್ಟಿಗೆ ಹೊರಗೆ ಬಿಟ್ಟುಬಿಡುತ್ತಿದ್ದರು. ಕರುಗಳು ಕೆಚ್ಚಲು ಬರಿದು ಮಾಡುತ್ತಿದ್ದವು. ಅಪ್ಪ ಬಂದು ಖಾಲಿ ಪಾತ್ರೆ ನೋಡುತ್ತಿದ್ದ. "ಓಹೋ, ಹುಡುಗ ಹಾಲಿನ ಪಾತ್ರೆ ಒದ್ದ! ಹೆಣ್ಣು ಹುಡುಕಬೇಕು." ಅಷ್ಟೇ, ಇಡೀ ಊರಿಗೆ ಅರ್ಥವಾಗುತ್ತಿತ್ತು. ಈಗಿನವರು ಮೊಬೈಲಿನಲ್ಲಿ ಹೃದಯದ ಚಿತ್ರ ಕಳಿಸುತ್ತಾರೆ, ಕರುಗಳಿಗೆ ಏನೂ ಸಿಗುವುದಿಲ್ಲ. ಆದರೂ ಮುದುಕರು ಮರೆತಿಲ್ಲ, ತ್ಲಾಲಿ ಖಂಡಿತ ಮರೆತಿಲ್ಲ. ಹೆಂಗಸನ್ನು ದೊಡ್ಡಿಯೊಳಗೆ ಕರೆಯುವ ಆ ರೇಡಿಯೋಗೆ ಇದೆಲ್ಲ ಎಲ್ಲಿ ಗೊತ್ತಿರಬೇಕು?

ಜುಲೈ ಮೂವತ್ತರ ಸಂಜೆ ಅವಳು ಗೋಡೆಗೆ ಮೊಣಕೈ ಊರಿ, ಮುಖದಲ್ಲಿ ನಾಲ್ಕು ಡಾಕ್ಟರುಗಳ ಗಾಂಭೀರ್ಯ ತಂದುಕೊಂಡಳು.

"ನಾಳೆ ಕೊನೆಯ ಚಿಕಿತ್ಸೆ. ಬೆಳಕು ಹರಿಯೋ ಹೊತ್ತಿಗೆ, ನಿಮ್ಮಪ್ಪ ಏಳೋಕೆ ಮುಂಚೆ, ಈ ದೊಡ್ಡಿ ಬಾಗಿಲು ತೆಗೀಬೇಕು. ಕರುಗಳದ್ದೂ ತೆಗೀಬೇಕು. ಹಾಲು ಕರೀಬಾರದು. ಎಲ್ಲಾ ಒಟ್ಟಿಗೆ ಹೊರಗೆ."

ಅವನು ಲೆರೋಲೆಯ ಕುತ್ತಿಗೆ ಉಜ್ಜುತ್ತಿದ್ದವನು ನಿಲ್ಲಿಸಿದ. "ಕರುಗಳಿಗೂ ಸಂಧಿವಾತಾನಾ?"

"ಹ್ಞಂ. ಕುದುರೆಗೆ ಜಾಗ ಬೇಕು."

"ಎರಡೂ ಬಾಗಿಲು?"

"ಎರಡೂ."

"ನೀವೇ ಹೇಳ್ತಿದೀರಿ."

"ನಾನಲ್ದೆ ಇನ್ಯಾರು? ಕುದುರೆ ಹೇಳುತ್ತಾ?"

ಅವನು ಅವಳನ್ನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ, ಅವಳ ಕೈ ತಾನಾಗಿ ಟೋಪಿಯ ಕಡೆ ಹೋಯಿತು. ಅವಳು ಅದನ್ನು ಅರ್ಧದಲ್ಲೇ ಹಿಡಿದು ಕೆಳಗಿಳಿಸಿದಳು.

"ನನಗೆ ಮರೆವು ಔಸಿ," ಅಂದ ಅವನು ಮೆತ್ತಗೆ. "ಬರೆದುಕೊಡಿ."

ಪೆದ್ದ! ಕೆನೆವೆ ಚೀಟಿಯ ಪುಸ್ತಕ ತೆಗೆದು ಬರೆದಳು, ಸಹಿ ಹಾಕಿದಳು, ಕಚೇರಿಯ ಸೀಲನ್ನು ಬಾಯಿಯ ಹಬೆಯಿಂದ ಒದ್ದೆ ಮಾಡಿ ಒತ್ತಿಯೂ ಕೊಟ್ಟಳು.

ಇಳಿಯುವಾಗ ನಗು ಬರಬೇಕಿತ್ತು. ಬರಲಿಲ್ಲ. ನಾಡಿದ್ದು ಲಾರಿ ಬರುತ್ತದೆ. ಆ ಪುಡಿ, ಹುಲ್ಲು, ಬಿಸಿನೀರು, ಎಲ್ಲ ಸೋತಿತ್ತು. ಸೋತದ್ದು ಅವನಲ್ಲ, ಅವಳು. ನಾಡಿದ್ದು ಅಳುವುದು ಇದ್ದೇ ಇದೆ, ನಾಳೆಯಾದರೂ ಒಂದಿಷ್ಟು ನಗೋಣ ಅಂದುಕೊಂಡಳು.

*

ಬೆಳಿಗ್ಗೆ ಲಿಂಪೋಳನ್ನು ಎಬ್ಬಿಸಿ ಕರೆದುಕೊಂಡು ಬಂದಳು. ಲಿಂಪೋಗೆ ಹೇಳಿದ ಮೇಲೆ ಊರಿಗೆ ಬೇರೆ ಹೇಳಬೇಕಿಲ್ಲ. ಹತ್ತು ಹದಿನೈದು ಕಂಬಳಿಗಳು ಆಗಲೇ ಗೋಡೆಯ ಸುತ್ತ ನಿಂತು ಉಸಿರಿನ ಹೊಗೆ ಬಿಡುತ್ತಿದ್ದವು.

ಎರಡೂ ಬಾಗಿಲು ಹಾರುಹೊಡೆದಿತ್ತು. ಹಸುಗಳು ಇಳಿಜಾರಿನಲ್ಲಿ ಇಳಿಯುತ್ತಿದ್ದವು. ಪಕ್ಕದಲ್ಲೇ ಕರುಗಳು, ಮೂತಿಯ ತುಂಬ ಬಿಳಿ ನೊರೆ. ಮುದುಕ ತ್ಲಾಲಿ ಬಕೆಟ್ ಹಿಡಿದು ಗುಡಿಸಲಿನಿಂದ ಬಂದ. ಬಾಗಿಲು ನೋಡಿದ. ಕರು ನೋಡಿದ. ಬಕೆಟ್ಟಿನೊಳಗೆ ನೋಡಿದ, ಅಲ್ಲೇನಾದರೂ ಉತ್ತರ ಇದೆಯೇನೋ ಎಂಬಂತೆ. ಬಾಯಿ ತೆರೆದ.

ಆಗ ಕೆಳಗಿನಿಂದ ಮುದಿ ಕಪ್ಪು ಹಸು ಕೂಗಿತು. ಹದಿನಾಲ್ಕು ವರ್ಷ ಲೆರೋಲೆಯ ಪಕ್ಕದಲ್ಲೇ ಮಲಗಿದ ಹಸು ಅದು. ದಿನವೂ ಗಂಡಸರು ಬಂದು ಕುದುರೆಯನ್ನು ಎಬ್ಬಿಸಿದ ಮೇಲೆಯೇ ಹಾಲು ಕರೆಯುತ್ತಿದ್ದರು, ಬಿಸಿಲೇರಿದ ಮೇಲೆ ದನ ಬಿಡುತ್ತಿದ್ದರು. ಲೆರೋಲೆಯನ್ನು ಒಂಟಿಯಾಗಿ ಬಿಟ್ಟು ಹಿಂಡು ಹೊರಟದ್ದು ಇದೇ ಮೊದಲು.

ಖಾಲಿ ದೊಡ್ಡಿಯ ಮೂಲೆಯಲ್ಲಿ, ನೀಲಿ ಕಂಬಳಿಯಡಿ, ಒಂದು ಬೂದು ತಲೆ ಎದ್ದಿತು.

 ಸೆಚಾಬಾ ಬಾಗಿಲ ಪಕ್ಕ ಜಾಕೆಟ್ಟಿನ ಜೇಬಿನಲ್ಲಿ ಕೈ ಹಾಕಿ ನಿಂತಿದ್ದ. ಕೈ ಹೊರಗೆ ಬಂದರೆ ಸಹಾಯಕ್ಕೆ ಹೋಗಿಬಿಡುತ್ತದೆ ಎಂದು ಜೇಬನ್ನು ಒಳಗಿಂದಲೇ ಹಿಡಿದುಕೊಂಡಿದ್ದ. ಕೆನೆವೆ ಬಂದ ಕಾರಣವನ್ನೇ ಮರೆತಳು. ಗೋಡೆಯ ಕಲ್ಲು ಅವಳ ಬೆರಳಿನಡಿ ಅಲುಗಿತು.

ಲೆರೋಲೆ ಮುಂಗಾಲು ಚಾಚಿತು. ಜಾರಿತು. ಹುಲ್ಲಿನಲ್ಲಿ ಕುಸಿದು ಸುಮ್ಮನಾಯಿತು.

ಹಸು ಮತ್ತೆ ಕೂಗಿತು, ಈ ಸಲ ಇನ್ನೂ ದೂರದಿಂದ.

"ಏಳೋ ಸೋಮಾರಿ," ಎಂದು ಕೆನೆವೆ ಹಲ್ಲುಕಚ್ಚಿ ಪಿಸುಗುಟ್ಟಿದಳು. "ಏಳೋ ನನ್ನಪ್ಪ. ಏಳು."

ಮುಂಗಾಲು. ಒಂದು ನರಳಾಟ. ಹಿಂಗಾಲಿನ ನೂಕು. ಇಡೀ ಮೈ ಮುರುಕು ಮೇಜಿನಂತೆ ಓಲಾಡಿ ಓಲಾಡಿ ನಿಂತಿತು. ನಿಂತೇಬಿಟ್ಟಿತು. ಒಂದು ಹೆಜ್ಜೆ. ಇನ್ನೊಂದು. ಅರ್ಧ ಜಾರಿದ ಕಂಬಳಿಯನ್ನು ರಾಣಿಯ ಸೆರಗಿನಂತೆ ಎಳೆದುಕೊಂಡು ಬಾಗಿಲು ದಾಟಿತು. ಗೋಡೆಯ ಬಳಿ ಕೆನೆವೆಯ ಮುಂದೆ ಒಂದು ಕ್ಷಣ ನಿಂತು, ಒಂದು ತಿಂಗಳಿನಿಂದ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವೇ ನಿನಗೆ ಎಂಬಂತೆ ನೋಡಿ, ಹಸುವಿನ ಹಿಂದೆ ಇಳಿದುಹೋಯಿತು.

ತ್ಲಾಲಿ ಬಕೆಟ್ಟನ್ನು ಮಗುಚಿ ಅದರ ಮೇಲೆ ಕೂತ. ಕಣ್ಣು ಒರೆಸಿಕೊಂಡ. ಮೂಗು ಒರೆಸಿಕೊಂಡ. ಕೂಗಿದ: "ಲಾರಿಯವನಿಗೆ ಫೋನ್ ಮಾಡ್ರೋ! ಬರಬೇಡ ಅನ್ರೋ!" ಆಮೇಲೆ ತಾನು ಯಾವುದರ ಮೇಲೆ ಕೂತಿದ್ದೇನೆ ಎಂದು ನೆನಪಾಗಿ, ಮೆಲ್ಲಗೆ ಮಗನ ಕಡೆ ತಿರುಗಿದ. ಮುಖದ ಸುಕ್ಕುಗಳೆಲ್ಲ ಒಂದೊಂದಾಗಿ ನಗತೊಡಗಿದವು.

"ಹಾಲಿನ ಪಾತ್ರೆ ಒದ್ದ್ಯೇನೋ?"

ಲಿಂಪೋ ಕೇಕೆ ಹಾಕಿದಳು. ಹೆಂಗಸರೆಲ್ಲ ದನಿ ಸೇರಿಸಿದರು.

"ಯಾರ ಮಗಳು?" ಅಂದ ತ್ಲಾಲಿ.

ಕೆನೆವೆ ಸಾವರಿಸಿಕೊಂಡಳು. ಇದೋ, ಇದಕ್ಕೇ ಬಂದದ್ದು. ಈಗ ಈ ಸಿಪ್ಪೆ ಮಾತ್ರದ ಬಾಳೆಹಣ್ಣು ಕಣ್ಣು ಕಣ್ಣು ಬಿಡುತ್ತದೆ. ಯಾವ ಪಾತ್ರೆ, ಯಾವ ಮಗಳು ಅನ್ನುತ್ತದೆ.

ಸೆಚಾಬಾ ಜೇಬಿನಿಂದ ಚೀಟಿ ತೆಗೆದ. ಗಂಟಲು ಸರಿಮಾಡಿಕೊಂಡ. ಆಮೇಲೆ ಬಂತು ಆ ಜೇನುತುಪ್ಪದ ಧ್ವನಿ.

"ಶ್ರೋತೃಗಳೇ, ಜಾನುವಾರು ಕಚೇರಿಯಿಂದ ಬಂದ ವಿಶೇಷ ಪ್ರಕಟಣೆ. 'ಜುಲೈ ಮೂವತ್ತೊಂದು, ಬೆಳಿಗ್ಗೆ. ಹಾಲು ಕರೆಯದೆ, ಅಪ್ಪ ಏಳುವ ಮೊದಲು, ಎರಡೂ ಬಾಗಿಲು ತಪ್ಪದೆ ತೆಗೆಯುವುದು. ಸಹಿ: ಕೆನೆವೆ.' ಕೆಳಗೆ ಸೀಲೂ ಇದೆ."

 ಹದಿನೈದು ತಲೆಗಳು ಒಟ್ಟಿಗೆ ಗೋಡೆಯ ಈಚೆ ತಿರುಗಿದವು.

"ಅಯ್ಯಯ್ಯೋ!" ಲಿಂಪೋ ಎದೆ ಬಡಿದುಕೊಂಡಳು. "ಗಂಡು ಪಾತ್ರೆ ಒದ್ದಿದ್ದು ಕೇಳಿದ್ದೆ. ಹೆಣ್ಣೇ ಒದಿ ಅಂತ ಚೀಟಿ ಬರೆದುಕೊಟ್ಟಿದ್ದು ಕೇಳಿರ್ಲಿಲ್ಲ! ಅದೂ ಸರ್ಕಾರಿ ಸೀಲು ಒತ್ತಿ!"

"ನನ್ನ ಕಾಲದಲ್ಲಿ ಇಷ್ಟು ಧೈರ್ಯದ ಹುಡುಗೀರು ಇರ್ಲಿಲ್ಲ," ಅಂದ ತ್ಲಾಲಿ ಮೆಚ್ಚುಗೆಯಿಂದ. "ಇದ್ದಿದ್ರೆ ನಾನು ಇನ್ನೂ ಐದು ವರ್ಷ ಮೊದಲೇ ಮದುವೆ ಆಗ್ತಿದ್ದೆ."

ಕೆನೆವೆಯ ಬಾಯಿ ತೆರೆದಿತ್ತು. ಹುಳಿಮಜ್ಜಿಗೆ ಬತ್ತಿಹೋಗಿತ್ತು. ಸೆಚಾಬಾ ಗೋಡೆಯ ಹತ್ತಿರ ಬಂದ. ಎದೆಮಟ್ಟದ ಕಲ್ಲು ನಡುವೆ. ಈಗ ಅವನ ಧ್ವನಿಯಲ್ಲಿ ರೇಡಿಯೋ ಇರಲಿಲ್ಲ.

"ನಿಮಗೆ ಗೊತ್ತಿತ್ತು," ಅಂದಳು ಅವಳು.

"ನಾನು ಹೋಗಿದ್ದು ಮಾಸೆರುವಿಗೆ. ಚಂದ್ರಲೋಕಕ್ಕಲ್ಲ."

"ಮತ್ತೆ ಅವತ್ತು ದೊಡ್ಡಿಯೊಳಗೆ ಬನ್ನಿ ಅಂದ್ರಿ?"

"ಗೊತ್ತಿದ್ದೇ ಅಂದೆ. ನೀವು ಚಳಿಯಲ್ಲಿ ನಿಂತಿದ್ರಿ. ಆ ನಿಯಮ ನನಗೆ ಸರಿ ಕಾಣಲ್ಲ."

ಅವಳು ಗೋಡೆಯ ಮೇಲಿನ ಹಿಮವನ್ನು ಬೆರಳಿನಿಂದ ಕೆರೆದಳು.

"ತಮಾಷೆಗೆ ಬರೆದಿದ್ದು ಅಂತಾನೂ ಗೊತ್ತು," ಅಂದ ಅವನು ಇನ್ನೂ ಮೆತ್ತಗೆ, ಬೇರೆಯವರಿಗೆ ಕೇಳದಂತೆ. "ನಾನು ತಮಾಷೆಗೆ ತೆಗೀಲಿಲ್ಲ. ಬೇಡ ಅಂದ್ರೆ ಈಗಲೇ ಇದನ್ನ ಹರಿದುಹಾಕಿ, ಬರೀ ಕುದುರೆ ಔಷಧಿ ಅದು ಅಂತ ಎಲ್ಲರಿಗೂ ಹೇಳ್ತೀನಿ. ಸುಳ್ಳೂ ಅಲ್ಲ. ಲೆರೋಲೆ ಎದ್ದ. ಅದು ನಿಮ್ಮಿಂದ."

ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಾದ. ಹಲ್ಲು ಕಟಕಟ ಅನ್ನುತ್ತಿತ್ತು. ಆ ಹಾಳು ಜಾಕೆಟ್ಟು ಚಳಿ ತಡೆಯುವುದಿಲ್ಲ ಎಂದು ಅವಳು ಎಷ್ಟು ಸಲ ಹೇಳಿಲ್ಲ? ಕಂಬಳಿ ಇಳಿಜಾರಿನಲ್ಲಿ ಮುದಿ ಕುದುರೆಯೊಂದರ ಬೆನ್ನ ಮೇಲೆ ಸೂರ್ಯನ ಕಡೆ ಹೋಗುತ್ತಿತ್ತು.

ಕೆನೆವೆ ಟೋಪಿಯನ್ನು ಎಡಗಣ್ಣಿನ ಮೇಲಕ್ಕೆ ಎಳೆದುಕೊಂಡಳು. ಈ ಸಲ ಗೊತ್ತಿದ್ದೇ.

"ಹ್ಞಂ," ಅಂದಳು. "ಸರ್ಕಾರಿ ಸೀಲಿರೋ ಕಾಗದ ಹರಿದ್ರೆ ಅಪರಾಧ. ಅಷ್ಟೂ ಗೊತ್ತಿಲ್ವೇನೋ ನಿನಗೆ?"

ನಿನಗೆ. ಅವನು ಆ ಪದವನ್ನು ಕೇಳಿಸಿಕೊಂಡ. ಮೀಸೆಯ ಹಿಮವೆಲ್ಲ ಕರಗುವ ಹಾಗೆ ಮುಖ ಅರಳಿತು.

"ಅಪ್ಪಾ," ಎಂದು ಕೂಗಿದ, "ಹಾಲು ಖಾಲಿ. ಬಂದೋರಿಗೆ ಚಾ ಹೇಗೆ?"

"ಕಪ್ಪು ಚಾ ಕುಡೀರಿ!" ತ್ಲಾಲಿ ಬಕೆಟ್ಟಿನ ಮೇಲೆ ತಾಳ ಹಾಕುತ್ತಿದ್ದ. "ಆ ಹುಡುಗಿ ಬರೋದಾದ್ರೆ ವರ್ಷಪೂರ್ತಿ ಕಪ್ಪು ಚಾ ಕುಡೀತೀನಿ! ಬಾಮ್ಮ, ಒಳಗೆ ಬಾ. ದನ ಎಲ್ಲಾ ಹೊರಗಿದಾವೆ. ನೋಡೋಕೆ ಯಾರಿದಾರೆ ಅಲ್ಲಿ?"

ಹಾಗೆ ಇಪ್ಪತ್ತೇಳು ವರ್ಷ ಬೈದುಕೊಂಡು ಪಾಲಿಸಿದ ನಿಯಮ ಒಂದು ಮಗುಚಿದ ಬಕೆಟ್ಟಿನ ಮೇಲಿಂದ ಬಿದ್ದುಹೋಯಿತು. ತಾನೇ ತೋಡಿದ ಗುಂಡಿ, ತಾನೇ ಸೀಲು ಒತ್ತಿದ ಗುಂಡಿ. ತೆರೆದ ಬಾಗಿಲಲ್ಲಿ ನಿಂತು ಕೆನೆವೆ ಒಮ್ಮೆ ಕರುಗಳ ನೊರೆಮೂತಿ ನೋಡಿದಳು, ಒಮ್ಮೆ ಚೀಟಿ ನೋಡಿದಳು. ಅವಳ ಮೂಗಿನಿಂದ ಎಂದಿನ "ಹ್ಞಂ" ಹೊರಟಿತು. ಹೊರಟದ್ದು ಅರ್ಧದಲ್ಲೇ ಒಡೆದು, ಹೊಟ್ಟೆಯಿಂದ ನಗು ಉಕ್ಕಿ ಬಂತು. ಲಿಂಪೋಳ ಕೇಕೆಯನ್ನು, ತ್ಲಾಲಿಯ ತಾಳವನ್ನು, ಊರಿನವರ ಗದ್ದಲವನ್ನೆಲ್ಲ ಮುಳುಗಿಸಿ ಆ ನಗು ಇಳಿಜಾರಿಗೆ ಉರುಳಿತು. ಕೆಳಗೆ ಹುಲ್ಲಿನಲ್ಲಿ ಲೆರೋಲೆ ತಲೆಯೆತ್ತಿ, ಈ ಮನುಷ್ಯರಿಗೆ ಏನಾಗಿದೆ ಎಂದು ಒಂದು ಸಲ ತಿರಸ್ಕಾರದಿಂದ ನೋಡಿ, ಮತ್ತೆ ಮೇಯತೊಡಗಿತು.